ಮೂವತ್ತೇಳನೆಯ ಹಲ್ಲು

ಗವಿಯ ಬಾಯಲ್ಲಿ ಡೇರೆ, ಡೇರೆಯಲ್ಲೊಂದು ಮೇಜು,
ಮೇಜಿನ ಕಾಲುಗಳು ನೀರಿನ ಬಟ್ಟಲಲ್ಲಿ, ಇರುವೆ ಹತ್ತದಂತೆ.
ನಾನು ಆದವಾನಿಯ ಪ್ರಾಣೇಶರಾಯ, ಗುಮಾಸ್ತ.
ತಿಂಗಳಿಗೆ ಹನ್ನೆರಡು ರೂಪಾಯಿ.
ಕೆಲಸ, ಎಲುಬಿಗೆ ನಂಬರು ಬರೆಯುವುದು.

ಬರೆದ ಮೇಲೆ ಹಳ್ಳಕ್ಕಿಳಿದು ಮೂರು ಮುಳುಗು,
ಆಮೇಲೆ ಊಟ.
ಊರಿಗೆ ಬರೆದ ಕಾಗದದಲ್ಲಿ ಮಾತ್ರ
'ಸರ್ಕಾರದ ಕಲ್ಲುಗಳ ಲೆಕ್ಕ' ಎಂದಿದ್ದೆ.

ಬೇತಂಚೆರ್ಲದಾಚೆ ಸುಣ್ಣಗಲ್ಲಿನ ಗುಡ್ಡ.
ಒಳಗೆ ಮೊಣಕಾಲುದ್ದ ಬಾವಲಿ ಹಿಕ್ಕೆ,
ಅದರಡಿ ಕೆಂಪು ಮಣ್ಣು, ಅದರಡಿ ಇನ್ನೂ ಕೆಂಪು.
ಅಗೆದವರು ಒಡ್ಡರು, ಬುಟ್ಟಿಗಿಷ್ಟು ಕಾಸೆಂದು.
ಜರಡಿ ಹಿಡಿದವಳು ಹುಲಿಗೆಮ್ಮ,
ಜರಡಿ ಅತ್ತ ತೂಗಿದರೆ ಕೂಸು ಇತ್ತ ತೂಗುತ್ತಿತ್ತು.

ಒಂದು ವಸ್ತು, ಎಷ್ಟು ಬಾಯಿ!
ಒಡ್ಡರಿಗದು ಬೊಮಿಕೆ, ಅಡಿಗೆಯ ದಸ್ತಗೀರನಿಗೆ ಹಡ್ಡಿ,
ನನಗೆ ಎಲುಬು, ಉಣ್ಣುವಾಗ ಆಡಬಾರದ ಮಾತು.
ದೊರೆಗೆ ಅದಿನ್ನೂ ಏನೂ ಅಲ್ಲ.
ಕಡಲು ದಾಟಿ ಹೋಗಬೇಕು,
ಹೆಸರು ಹೊತ್ತು ಬರಬೇಕು.

ಮಾಘದ ಒಂದು ಮಧ್ಯಾಹ್ನ ದವಡೆ ಸಿಕ್ಕಿತು.
ದೊರೆ ಟೋಪಿ ತೆಗೆದು ಮೊಣಕಾಲೂರಿದರು.
ರಾಯರ ಮಠದಲ್ಲಿ ನಾನೂ ಹಾಗೆ ಕೂತವನಲ್ಲ.
ಒಂಟೆಕೂದಲ ಕುಂಚದಲ್ಲಿ ಮಣ್ಣು ಗುಡಿಸಿ
'ಖಡ್ಗಮೃಗ' ಎಂದರು. ಈ ಜಾಲಿ ಮುಳ್ಳಿನ ಸೀಮೆಯಲ್ಲಿ!
'ಮರಿ' ಎಂದರು ಮತ್ತೆ, ದನಿ ತಗ್ಗಿಸಿ,
'ಹಾಲುಹಲ್ಲು ಇನ್ನೂ ಬಿದ್ದಿಲ್ಲ.'
ಬಿಡಿ ಹಲ್ಲು ನಾಲ್ಕು. ನಾನು ಶಾಯಿಯಲ್ಲಿ ಬರೆದೆ
ಮೂವತ್ನಾಲ್ಕರಿಂದ ಮೂವತ್ತೇಳು.

ಸಂಜೆ ಹತ್ತಿಯಲ್ಲಿ ಸುತ್ತುವಾಗ, ಮೂರು.

ಎರಡು ದಿನ ಜರಡಿ ಹಿಡಿದ ಮಣ್ಣನ್ನೇ ಮತ್ತೆ ಜರಡಿ ಹಿಡಿದರು.
ದೊರೆ ಯಾರನ್ನೂ ಬೈಯಲಿಲ್ಲ, ಅದೇ ಕಷ್ಟವಾಯಿತು.
ಮೂರನೆಯ ದಿನ ಬೇವಿನ ನೆರಳಲ್ಲಿ
ಕೂಸಿನ ಕೊರಳಿಗೆ ಕರಿದಾರ, ದಾರಕ್ಕೆ ಹಲ್ಲು.
ಕೂಸು ಅದನ್ನೇ ಚೀಪುತ್ತಿತ್ತು.
ಜೊಲ್ಲಿಗೆ ನನ್ನ ಏಳು ಕರಗಿ ಹೋಗಿ
ಮೂರೊಂದೇ ಉಳಿದಿತ್ತು.

ನನ್ನ ಕಣ್ಣು ಎಲ್ಲಿದೆ ಎಂದು ಹುಲಿಗೆಮ್ಮ ಕಂಡಳು.
ಬಚ್ಚಿಡಲಿಲ್ಲ.
'ಇದಕ್ಕೆ ಮೊದಲು ಎರಡು ಹೋದವು ಸಾಮಿ,
ಹಲ್ಲು ಮೂಡೋ ಹೊತ್ತಿಗೆ.
ಒಳ್ಳೊಳ್ಳೆ ಹೆಸರಿಟ್ಟಿದ್ದೆ. ಹೆಸರು ಕೇಳಿ ಬಂದಿತ್ತು, ಕರಕೊಂಡು ಹೋತು.
ಇದನ್ನ ತಿಪ್ಪಿ ಅಂತ ಕರೀತೀನಿ.
ಕೇಳಿದೋರಿಗೆ ಬ್ಯಾಡ ಅನ್ನಿಸಬೇಕು.'

ಸರ್ಕಾರದ ಉಪ್ಪು ತಿಂದ ಕೈ ಇದು.
ಅದೇ ಕೈ ಅಂದು ರಿಜಿಸ್ಟರಿನಲ್ಲಿ ಬರೆಯಿತು:
'ಮೂವತ್ತೇಳು, ಪುಡಿಯಾಗಿದೆ.'
ಅಕ್ಷರ ಎಂದಿಗಿಂತ ದುಂಡಗೆ ಬಿದ್ದವು.

ಎರಡು ಮಳೆಗಾಲ ಕಳೆದು ಹೆಸರು ಬಂತು,
ಅಚ್ಚಾದ ಪುಸ್ತಕದಲ್ಲಿ.
ಮೊದಲರ್ಧಕ್ಕೆ ನನ್ನ ನಾಲಗೆ ಮೂರು ಕಡೆ ಮುಗ್ಗರಿಸಿತು.
ಕೊನೆಯಲ್ಲಿ, ಅರೆ, ನಮ್ಮ ಕರ್ನೂಲು!
ಲ್ಯಾಟಿನ್ನಿನ ಬಾಲ ಹಚ್ಚಿಕೊಂಡು ನಿಂತಿತ್ತು.
ಹಳೆಯ ಕಂದನವೋಲು, ಬಂಡಿಯ ಅಚ್ಚಿಗೆ
ಕೀಲೆಣ್ಣೆ ಸವರುತ್ತಿದ್ದ ಕಟ್ಟೆ, ಎನ್ನುತ್ತಿದ್ದ ನಮ್ಮಜ್ಜ.
ಅಷ್ಟು ದೊಡ್ಡ ಮೃಗ
ಕಡೆಗೆ ಕೀಲೆಣ್ಣೆಯ ಊರಿನ ಒಕ್ಕಲಾಯಿತು.

ಸತ್ತು ಎಷ್ಟು ಯುಗವಾಯಿತೋ, ಆಮೇಲೆ ನಾಮಕರಣ.
ಕಿವಿಯಿಲ್ಲ ಉಸುರಲು.
ತಟ್ಟೆಯ ಅಕ್ಕಿಯಲ್ಲಿ ಬರೆದವರಿಲ್ಲ.
ಇನ್ನು ಯಾರು ಕೇಳಿ ಬಂದರೂ ಒಯ್ಯುವುದೇನು?
ಅದಕ್ಕೇ ಇರಬೇಕು, ಅಷ್ಟು ಧೈರ್ಯವಾಗಿ, ಅಷ್ಟು ಉದ್ದ ಇಟ್ಟರು.

ಚಿತ್ರವೂ ಇತ್ತು. ಮೂರು ಹಲ್ಲು ತುಂಬುಗೆರೆ.
ನಾಲ್ಕನೆಯದರ ಜಾಗದಲ್ಲಿ ಬರೀ ಚುಕ್ಕೆಗಳು,
ರಂಗೋಲಿ ಹಾಕಲು ಇಟ್ಟು ಮರೆತು ಹೋದ ಹಾಗೆ.
ಬೆರಳಿಟ್ಟು ನೋಡಿದೆ. ಒದ್ದೆಯಿರಲಿಲ್ಲ.

ಒಡ್ಡರು ರೈಲುಹಾದಿಯ ಮಣ್ಣು ಹೊರಲು ಹೋದರು.
ನನಗೆ ಬಡ್ತಿಯಾಯಿತು, ಕನ್ನಡಕ ಬಂತು.
ಮೊನ್ನೆ ಗುಂತಕಲ್ಲಿನ ಸ್ಟೇಷನ್ನಿನಲ್ಲಿ
ಮದರಾಸಿನ ಗಾಡಿಗೆ ಕಾದು ಕೂತಿದ್ದಾಗ
ಯಾರೋ ಹೆಂಗಸು 'ತಿಪ್ಪೀ' ಎಂದು ಕೂಗಿದಳು.
ನಾಲ್ಕು ಹುಡುಗಿಯರು ತಿರುಗಿದರು.

ತಿರುಗಿ, ಒಬ್ಬರನ್ನೊಬ್ಬರು ನೋಡಿ ನಕ್ಕರು.
ಎಣಿಸುವ ಚಟ ನನಗಿನ್ನೂ ಬಿಟ್ಟಿಲ್ಲ.